ಸಿ ಡ್ರೈವ್‌ನಲ್ಲಿದ್ದ ಲಾರಿ

“ಈ ಹಳೇ ಕಂಪ್ಯೂಟರ್‌ನಾಗೆ ಈಗಿನ ಗೇಮ್ ಓಡ್ತೈತೇನ್ರಿ?”

ದಾವಣಗೆರೆಯಲ್ಲಿ ಕಂಪ್ಯೂಟರ್ ರಿಪೇರಿ ಅಂಗಡಿ ಇಟ್ಟುಕೊಂಡಿರುವ ನನಗೆ ಈ ಪ್ರಶ್ನೆ ವಾರಕ್ಕೆರಡು ಸಲವಾದರೂ ಎದುರಾಗುತ್ತದೆ. ಉತ್ತರ ನಾಲಿಗೆಯ ತುದಿಯಲ್ಲೇ ಇರುತ್ತದೆ. ಕೇಳಿದವರ ಮುಖ ನೋಡದೆ, ಕೈಯಲ್ಲಿನ ಸ್ಕ್ರೂಡ್ರೈವರ್ ಕೆಳಗಿಡದೆ, “ಓಎಸ್ ಬದಲಾಯಿಸಿದ್ರೆ ಓಡ್ತೈತೆ, ಸಂಜಿಗೆ ಬರ್ರಿ” ಅಂದುಬಿಡುತ್ತೇನೆ. ಆ ಸೋಮವಾರ ಬೆಳಿಗ್ಗೆಯೂ ಹಾಗೇ ಅಂದೆ. ಬಾಗಿಲಲ್ಲಿದ್ದವರು ಹೋಗಲಿಲ್ಲ. ತಲೆಯೆತ್ತಿ ನೋಡಿದರೆ ಸುಮಾರು ನಲವತ್ತರ ಹೆಂಗಸು, ಹಾಸಿಗೆಯ ಚಾದರದಲ್ಲಿ ಸುತ್ತಿದ ಸಿಪಿಯು ಎದೆಗವುಚಿಕೊಂಡು ನಿಂತಿದ್ದರು. ಕಣ್ಣಲ್ಲಿ ನೀರು.

ಕೂರಿಸಿ ನೀರು ಕೊಟ್ಟೆ. ಹರಿಹರದಿಂದ ಬಸ್ಸಿನಲ್ಲಿ ಅದನ್ನು ತೊಡೆಯ ಮೇಲಿಟ್ಟುಕೊಂಡು ಬಂದಿದ್ದರು. ಗಂಡ ಲಾರಿ ಡ್ರೈವರ್. ನಾಲ್ಕು ವರ್ಷದ ಹಿಂದೆ ಲಾರಿ ಮಗುಚಿ ಬೆನ್ನುಮೂಳೆಗೆ ಪೆಟ್ಟಾಗಿ, ಸೊಂಟದಿಂದ ಕೆಳಗೆ ಸ್ವಾಧೀನ ಇಲ್ಲ. ಒಂದು ವರ್ಷ ಗೋಡೆ ನೋಡುತ್ತಾ ಮಲಗಿದ್ದವರಿಗೆ ಜೊತೆಯ ಡ್ರೈವರ್ ಒಬ್ಬರು ಈ ಕಂಪ್ಯೂಟರ್ ಮತ್ತು ಆಟದ ಸ್ಟೀರಿಂಗ್ ಒಂದನ್ನು ತಂದುಕೊಟ್ಟರಂತೆ. ಅದರಲ್ಲಿ ಲಾರಿ ಓಡಿಸುವ ಆಟ. ಮಂಚಕ್ಕೆ ಅಡ್ಡ ಹಲಗೆ ಹಾಕಿ, ಅದಕ್ಕೆ ಸ್ಟೀರಿಂಗ್ ಬಿಗಿದು, ಆಕ್ಸಿಲರೇಟರ್ ಬ್ರೇಕು ಎರಡನ್ನೂ ಕೈಗುಂಡಿಗೆ ಕೊಟ್ಟುಕೊಂಡು ಆ ಮನುಷ್ಯ ಮತ್ತೆ ಡ್ರೈವರ್ ಆಗಿದ್ದರು.

“ಎಂಟು ದಿನ ಆತ್ರಿ ಅಕ್ಕಾ, ಗೇಮ್ ಓಪನ್ನೇ ಆಗವಲ್ದು. ಸಿಸ್ಟಂ ಹಳೇದಾತು ಅಂತ ತೋರಿಸ್ತೈತೆ. ಅವತ್ತಿಂದ ಊಟ ಸರಿ ಇಲ್ಲ, ಮಾತಿಲ್ಲ. ಮಾತ್ರೆ ತಗಾ ಅಂದ್ರೆ ಬಾಯಿ ತೆಗೆಯಾದಿಲ್ಲ. ಮೊನ್ನೆ ಮಾತ್ರ, ಎಲ್ಲಾ ಸೇರಿ ಡಬ್ಬ್ಯಾಗೆ ಎಷ್ಟು ಮಾತ್ರೆ ಅದಾವು ಅಂತ ಕೇಳಿದ್ರು.”

“ಆಮೇಲೆ?”

“ಡಬ್ಬಿನ ಅಕ್ಕಿ ಡ್ರಮ್ಮಿನೊಳಗೆ ಹುಗಿದಿಟ್ಟೀನ್ರಿ.”

ಅಲ್ಲಿಂದ ಶುರುವಾಯಿತು ನನ್ನ ಹೆದರಿಕೆ. ಹಾಳಾದ ಪ್ರಿಂಟರ್, ಸುಟ್ಟ ಮದರ್‌ಬೋರ್ಡ್, ಬಯ್ಯುವ ಗಿರಾಕಿ, ಇವೆಲ್ಲ ನನಗೆ ಲೆಕ್ಕಕ್ಕಿಲ್ಲ. ಆದರೆ ಒಬ್ಬ ಮನುಷ್ಯನ ಪ್ರಾಣಕ್ಕೂ ನನ್ನ ಸ್ಕ್ರೂಡ್ರೈವರ್‌ಗೂ ಸಂಬಂಧ ಇದೆ ಎಂದು ಯಾರೂ ಹಿಂದೆ ಹೇಳಿರಲಿಲ್ಲ. ಮುಖಕ್ಕೆ ಧೈರ್ಯ ತಂದುಕೊಂಡು, “ಹೆದರಬ್ಯಾಡ್ರಿ, ಗ್ಯಾರಂಟಿ ಓಡಿಸಿ ಕೊಡ್ತೀನಿ” ಅಂದೆ. ಗ್ಯಾರಂಟಿ ಎಂಬ ಮಾತನ್ನು ನಾನು ಬಹಳ ಸಲೀಸಾಗಿ ಬಳಸುತ್ತಿದ್ದ ದಿನಗಳವು.

ಆಕೆ ಬಸ್ಸಿಗೆ ಹೋದಮೇಲೆ ಸಿಪಿಯು ಬಿಚ್ಚಿದೆ. ಫ್ಯಾನಿನಲ್ಲಿ ಬೆರಳು ದಪ್ಪ ಧೂಳು. ಪ್ರೊಸೆಸರ್ ಹನ್ನೆರಡು ಹದಿಮೂರು ವರ್ಷ ಹಳೆಯದಾದರೂ ಗಟ್ಟಿ ಆಸಾಮಿ. ನಾಲ್ಕು ಜಿಬಿ ರ್‍ಯಾಮ್, ಅಗ್ಗದ ಗ್ರಾಫಿಕ್ಸ್ ಕಾರ್ಡು, ಒಂದೇ ಹಾರ್ಡ್‌ಡಿಸ್ಕ್. ಒಳಗಿನ ಓಎಸ್ ವಿಂಡೋಸ್ ಸೆವೆನ್, ಅದೂ ಹಳೇ ಮಾದರಿಯ ಮೂವತ್ತೆರಡು ಬಿಟ್‌ನದು. ರೋಗ ಹತ್ತು ನಿಮಿಷದಲ್ಲಿ ಸಿಕ್ಕಿತು. ಆಟ ಕೆಟ್ಟಿರಲಿಲ್ಲ. ಆಟವನ್ನು ಇಂಟರ್‌ನೆಟ್ಟಿನಿಂದ ತಂದು ತೆರೆದುಕೊಡುವ ಪ್ರೋಗ್ರಾಮು ಸೆವೆನ್ನಿನ ಕೈಬಿಟ್ಟಿತ್ತು, ಆಟದ ಹೊಸ ಆವೃತ್ತಿಗೆ ಅರವತ್ನಾಲ್ಕು ಬಿಟ್ ಬೇಕೇ ಬೇಕಾಗಿತ್ತು. ಯಂತ್ರಕ್ಕೆ ಶಕ್ತಿ ಇದೆ, ಒಳಗಿನ ಓಎಸ್‌ಗೆ ಇಲ್ಲ. ವಿಂಡೋಸ್ ಟೆನ್ ಹಾಕಿ, ರ್‍ಯಾಮ್ ಎಂಟು ಜಿಬಿ ಮಾಡಿದರೆ ತೆವಳಿಕೊಂಡಾದರೂ ಓಡುತ್ತದೆ. ಮೂವತ್ತೆರಡು ಬಿಟ್‌ನ ಮೇಲೆ ಅರವತ್ನಾಲ್ಕನ್ನು ಕೂರಿಸಲು ಬರುವುದಿಲ್ಲ. ಹಳೆಯದನ್ನು ಅಳಿಸಿ ಬುಡದಿಂದ ಹಾಕಬೇಕು.

ಸರಿಯಾದ ದಾರಿ ಯಾವುದೆಂದು ನನಗೆ ಗೊತ್ತಿತ್ತು. ಹೊಸ ಎಸ್‌ಎಸ್‌ಡಿ ಎಂಬ ವೇಗದ ಡಿಸ್ಕೊಂದನ್ನು ಹಾಕಿ, ಹಳೆಯ ಡಿಸ್ಕನ್ನು ಮುಟ್ಟದೆ ಪಕ್ಕಕ್ಕಿಡುವುದು. ಅಂಗಡಿಯಲ್ಲಿ ಎಸ್‌ಎಸ್‌ಡಿ ಮುಗಿದಿತ್ತು. ಹೋಲ್‌ಸೇಲ್‌ನವರಿಗೆ ಫೋನ್ ಮಾಡಿದರೆ ಬುಧವಾರ ಅಂದರು. ಅಕ್ಕಿ ಡ್ರಮ್ಮು ಕಣ್ಣ ಮುಂದಿತ್ತು. ಎರಡು ದಿನ ಕಾಯುವುದು ಪಾಪದ ಕೆಲಸ ಅನ್ನಿಸಿ, ಇದ್ದ ಡಿಸ್ಕಿನ ಮೇಲೇ ಮಾಡುವುದೆಂದು ಕೂತೆ.

ನಮ್ಮ ಊರಿನ ರಿಪೇರಿಯವರದ್ದೆಲ್ಲ ಒಂದು ಪದ್ಧತಿ ಇದೆ. ಡಿಸ್ಕನ್ನು ಎರಡು ಭಾಗ ಮಾಡುತ್ತೇವೆ. ಸಿ ಡ್ರೈವ್ ವಿಂಡೋಸಿಗೆ, ಡಿ ಡ್ರೈವ್ ಮನೆಯವರಿಗೆ. ಕಂಪ್ಯೂಟರ್ ಮನೆಗೆ ಕಳಿಸುವಾಗ ಮೊದಲು ಹೇಳುವ ಪಾಠವೇ ಅದು: “ನಿಮ್ಮದು ಏನಿದ್ರೂ ಡಿಯಾಗೆ ಇಡ್ರಿ, ಸಿ ನಮ್ಮದು.” ಗಿರಾಕಿಗಳೂ ಅದನ್ನು ಶಾಸ್ತ್ರದಂತೆ ಪಾಲಿಸುತ್ತಾರೆ. ತಪ್ಪಿದರೆ ಡೆಸ್ಕ್‌ಟಾಪಿನ ಮೇಲಿಡುತ್ತಾರೆ. ಹಾಗಾಗಿ ಫಾರ್ಮ್ಯಾಟ್ ಮಾಡುವ ಮುಂಚೆ ನಾವು ಡಿ ನೋಡುತ್ತೇವೆ, ಡೆಸ್ಕ್‌ಟಾಪ್ ನೋಡುತ್ತೇವೆ, ಮುಗಿಯಿತು. ಡಾಕ್ಯುಮೆಂಟ್ಸ್ ಎಂಬ ಫೋಲ್ಡರ್ ಒಂದಿದೆ ಎನ್ನುವುದು ನಮಗೆ ನೆನಪೂ ಇರುವುದಿಲ್ಲ.

ಡಿಯಲ್ಲಿ ಆ ಮನುಷ್ಯನ ಮದುವೆಯ ವಿಡಿಯೋ, ಹಾಡುಗಳು, ಹೂವಿನ ಹಾರ ಹಾಕಿದ ಲಾರಿಯ ಮುಂದೆ ನಿಂತ ಫೋಟೋಗಳು ಇದ್ದವು. ಜೋಪಾನವಾಗಿ ಬೇರೆ ಡಿಸ್ಕಿಗೆ ಇಳಿಸಿಕೊಂಡೆ. ಡೆಸ್ಕ್‌ಟಾಪಿನ ಎರಡು ಫೈಲನ್ನೂ ಬಿಡಲಿಲ್ಲ. ಆಮೇಲೆ ಸಿ ಡ್ರೈವನ್ನು ಫಾರ್ಮ್ಯಾಟ್ ಮಾಡಿದೆ. ಎಷ್ಟು ಬೇಗ ಮುಗಿಯಿತೆಂದರೆ, ಪಕ್ಕದಲ್ಲಿದ್ದ ಚಹಾ ಬಿಸಿಯಾಗಿಯೇ ಇತ್ತು.

ಮಧ್ಯಾಹ್ನದ ಹೊತ್ತಿಗೆ ಟೆನ್ ಕೂತಿತು. ರ್‍ಯಾಮ್ ಹಾಕಿದೆ. ಆಟದ ಖಾತೆಯ ಹೆಸರು, ಪಾಸ್‌ವರ್ಡನ್ನು ಆಕೆ ಚೀಟಿಯಲ್ಲಿ ಬರೆದುಕೊಟ್ಟಿದ್ದರು. ಡೌನ್‌ಲೋಡ್ ಹಚ್ಚಿ ಮನೆಗೆ ಹೋದೆ.

ಮಂಗಳವಾರ ಬೆಳಿಗ್ಗೆ ಆಟ ತೆರೆದುಕೊಂಡಿತು. ಮೊದಲಿಗೆ ಜಗ್ಗಿ ಜಗ್ಗಿ ಓಡುತ್ತಿತ್ತು. ನೆರಳು ತೆಗೆದೆ, ಮರಗಳ ಎಲೆ ಕಡಿಮೆ ಮಾಡಿದೆ, ಚಿತ್ರದ ನುಣುಪು ಇಳಿಸಿದೆ, ಲಾರಿಯ ಪಕ್ಕದ ಕನ್ನಡಿಗಳನ್ನು ಆರಿಸಿದೆ. ಕನ್ನಡಿ ಅಂದರೆ ಕಾರ್ಡಿಗೆ ಅದೇ ರಸ್ತೆಯನ್ನು ಮತ್ತೊಮ್ಮೆ ಬರೆಯುವ ಕೆಲಸ, ಅದನ್ನು ತೆಗೆದ ಕೂಡಲೇ ಲಾರಿ ಸರಾಗವಾಯಿತು. ನನಗೇ ಶಹಬ್ಬಾಸ್ ಹೇಳಿಕೊಂಡೆ. ಆಟ ಮಾತ್ರ ಶುರುವಿನಲ್ಲಿ “ಹೊಸ ಡ್ರೈವರ್, ನಿಮ್ಮ ಹೆಸರೇನು?” ಎನ್ನುವಂತೆ ಒಂದು ಖಾಲಿ ಚೌಕ ತೋರಿಸಿತ್ತು. ಅದನ್ನು ನಾನು ಅಷ್ಟು ತಲೆಗೆ ಹಾಕಿಕೊಂಡಿರಲಿಲ್ಲ. ಖುಷಿಯಲ್ಲಿ ಹರಿಹರಕ್ಕೆ ಫೋನ್ ಮಾಡಿದೆ.

“ಓಡ್ತೈತ್ರಿ! ನಾಳೆ ಬಂದು ಒಯ್ರಿ.”

ಆ ಕಡೆಯಿಂದ ನಗುವೋ ಅಳುವೋ ಗೊತ್ತಾಗದ ಸದ್ದು ಬಂತು. ಆಮೇಲೆ ಆಕೆ ಕೇಳಿದರು, “ಮೀಟ್ರು ಹಂಗೇ ಐತಲ್ರಿ ಅಕ್ಕಾ?”

“ಯಾವ ಮೀಟ್ರು?”

ಆಕೆ ಹೇಳುತ್ತಾ ಹೋದರು, ನಾನು ಕುರ್ಚಿಯ ಕೈ ಹಿಡಿದುಕೊಂಡೆ. ಲಾರಿ ಮಗುಚಿದ ದಿನ ಅದರ ಮೀಟರು ಮೂರು ಲಕ್ಷ ಹನ್ನೆರಡು ಸಾವಿರದ ನಾನೂರ ಅರವತ್ತಕ್ಕೆ ನಿಂತಿತ್ತು. ಒಂದೇ ಗಾಡಿಯಲ್ಲಿ ಐದು ಲಕ್ಷ ಕಿಲೋಮೀಟರ್ ಹೊಡೆಯಬೇಕು ಎಂಬುದು ಆ ಮನುಷ್ಯನ ಹಟ. ಮಾಲೀಕರು ಲಾರಿಯನ್ನು ಗುಜರಿಗೆ ಹಾಕಿದರು. ಆಟ ಬಂದಮೇಲೆ ಗಂಡ, ಮೀಟರು ನಿಂತಲ್ಲಿಂದಲೇ ಎಣಿಸುವುದಕ್ಕೆ ಶುರು ಮಾಡಿದರು. ದಿನಾ ಸಂಜೆ ಆಟದ ಮೀಟರನ್ನು ಹಳೆಯದಕ್ಕೆ ಕೂಡಿಸಿ ಹೇಳುವುದು, ಹೆಂಡತಿ ಗೋಡೆಯ ಕ್ಯಾಲೆಂಡರಿನ ಆ ದಿನದ ಮನೆಯಲ್ಲಿ ಬರೆಯುವುದು. ಮೂರು ವರ್ಷ ಹಾಗೇ ನಡೆದಿತ್ತು.

“ನಾಕು ಲಕ್ಷದ ಎಂಬತ್ತೆಂಟು ಸಾವಿರದ ಒಂಬೈನೂರ ನಲವತ್ತು ಆಗಿತ್ರಿ. ಇನ್ನ ಹನ್ನೊಂದು ಸಾವಿರ ಚಿಲ್ರೆ ಅಷ್ಟ. ಐತಲ್ರಿ?”

“ಐತೆ” ಅಂದೆ.

ಯಾಕೆ ಹಾಗಂದೆ ಎಂದು ಈಗಲೂ ನಾಚಿಕೆಯಾಗುತ್ತದೆ. ಬಾಯಿಗೆ ಬಂದಿದ್ದು ಅದೊಂದೇ.

ಫೋನಿಟ್ಟು, ಈ ಆಟ ತನ್ನ ದಾಖಲೆಯನ್ನು ಎಲ್ಲಿಡುತ್ತದೆ ಎಂದು ಹುಡುಕಿದೆ. ಸಿ ಡ್ರೈವ್, ಬಳಕೆದಾರರ ಹೆಸರು, ಡಾಕ್ಯುಮೆಂಟ್ಸ್. ನಾನು ಅಳಿಸಿದ್ದ ಜಾಗವೇ ಅದು. ಒಂದೇ ಒಂದು ಆಸೆ ಉಳಿದಿತ್ತು. ಕೆಲವರ ಆಟದ ದಾಖಲೆಯ ಒಂದು ಪ್ರತಿ ಇಂಟರ್‌ನೆಟ್ಟಿನಲ್ಲೂ ಇರುತ್ತದೆ. ಖಾತೆ ತೆರೆದು ನೋಡಿದೆ. ಏನೂ ಇರಲಿಲ್ಲ. ಮೊದಲ ದಿನವೇ ಒಂದು ಚೌಕಕ್ಕೆ ಟಿಕ್ ಹಾಕಬೇಕಿತ್ತು, ಯಾರೂ ಹಾಕಿರಲಿಲ್ಲ.

ಶಟ್‌ಡೌನ್ ಕೂಡ ಮಾಡದೆ ಗೋಡೆಯಿಂದ ಪ್ಲಗ್ ಕಿತ್ತೆ. ಫಾರ್ಮ್ಯಾಟ್ ಮಾಡಿದಾಗ ಹೋಗುವುದು ಯಾವ ಫೈಲು ಎಲ್ಲಿದೆ ಎಂಬ ಪಟ್ಟಿ ಮಾತ್ರ. ಫೈಲುಗಳು ಅಲ್ಲೇ ಬಿದ್ದಿರುತ್ತವೆ, ಅವುಗಳ ಮೇಲೆ ಬೇರೆಯದನ್ನು ಬರೆಯುವ ತನಕ. ಯಂತ್ರ ಚಾಲೂ ಇದ್ದ ಒಂದೊಂದು ಕ್ಷಣವೂ ಬರೆಯುತ್ತಲೇ ಇರುತ್ತದೆ. ನಾನಂತೂ ಇಡೀ ವಿಂಡೋಸನ್ನೂ ಅಷ್ಟು ದೊಡ್ಡ ಆಟವನ್ನೂ ಅವುಗಳ ಮೇಲೆ ಸುರಿದು, ಶಹಬ್ಬಾಸ್ ಬೇರೆ ಹೇಳಿಕೊಂಡಿದ್ದೆ.

ಡಿಸ್ಕು ಕಳಚಿ ನನ್ನ ಯಂತ್ರಕ್ಕೆ ಜೋಡಿಸಿ, ಅಳಿಸಿಹೋದದ್ದನ್ನು ಹುಡುಕುವ ಪ್ರೋಗ್ರಾಮ್ ಬಿಟ್ಟೆ. ಹಸಿರು ಪಟ್ಟಿ ಇರುವೆಯ ವೇಗದಲ್ಲಿ ಸರಿಯುತ್ತಿತ್ತು. ಬೇರೆ ಗಿರಾಕಿಗಳಿಗೆ ನಾಳೆ ಬನ್ನಿ ಅಂದು ಕಳಿಸಿದೆ. ಊಟದ ಡಬ್ಬಿ ತೆರೆಯಲಿಲ್ಲ. ಸಂಜೆಗೆ ಪಟ್ಟಿ ಮುಗಿದಾಗ ಆಟದ ಫೋಲ್ಡರ್ ಕಂಡಿತು. ಕುರ್ಚಿಯಿಂದ ಎದ್ದೇ ನಿಂತುಬಿಟ್ಟೆ. ಒಳಗೆ ಒಂದು ಸಣ್ಣ ಫೈಲು ಸರಿಯಾಗಿ ತೆರೆದುಕೊಂಡಿತು. ಸ್ಟೀರಿಂಗ್‌ನ ಯಾವ ಗುಂಡಿಗೆ ಯಾವ ಕೆಲಸ ಎಂದು ಅವರು ಮಾಡಿಕೊಂಡಿದ್ದ ಹೊಂದಾಣಿಕೆ ಅದು. ಮೀಟರು ಇರಬೇಕಾದ ದೊಡ್ಡ ಫೈಲುಗಳೂ ಇದ್ದವು, ಹೆಸರು ಸರಿ, ಗಾತ್ರ ಸರಿ. ತೆರೆದರೆ ಒಳಗೆಲ್ಲ ಬರೀ ಸೊನ್ನೆ.

ಬುಧವಾರ ಇನ್ನೊಂದು ಪ್ರೋಗ್ರಾಮ್ ಬಿಟ್ಟೆ. ಅದೂ ಅದನ್ನೇ ಹೇಳಿತು. ಮಧ್ಯೆ ಆಕೆಯ ಫೋನು ಮೂರು ಸಲ ಬಂತು. ಎತ್ತಲಿಲ್ಲ. ಪ್ರತಿ ಸಲ ಫೋನು ಬಡಿದುಕೊಂಡಾಗಲೂ ಆಕೆ ಹೇಳಬಾರದ ಸುದ್ದಿಯನ್ನೇ ಹೇಳುತ್ತಾರೆ ಎಂದು ಅನ್ನಿಸುತ್ತಿತ್ತು. ಆಮೇಲೆ ಮೆಸೇಜು ಬಂತು: “ಮಿಷನ್ ಬರ್ತೈತೆ ಅಂದಿದ್ದಕ್ಕ ಇವತ್ತು ಗಡ್ಡ ಮಾಡಿಸ್ಕೊಂಡ್ರು ಅಕ್ಕಾ.” ನೀರೂ ಕುಡಿಯಲಿಲ್ಲ ಎಂದು ಬರೆದಿದ್ದರೂ ನನಗೆ ಅಷ್ಟು ಭಯ ಆಗುತ್ತಿರಲಿಲ್ಲ.

ಅಂದೇ ಎಸ್‌ಎಸ್‌ಡಿ ಬಂತು. ಅದಕ್ಕೆ ಎಲ್ಲವನ್ನೂ ಹೊಸದಾಗಿ ಹಾಕಿ, ಉಳಿದಿದ್ದ ಗುಂಡಿಗಳ ಫೈಲನ್ನು ಕೂರಿಸಿದೆ. ಹಾಗೇ ಕೂತಿದ್ದಾಗ ಒಂದು ಉಪಾಯ ಹೊಳೆಯಿತು. ಈ ಆಟದ ದಾಖಲೆಯನ್ನು ಬಿಚ್ಚಿ ತಿದ್ದಬಹುದು. ಕ್ಯಾಲೆಂಡರಿನ ಸಂಖ್ಯೆಯಿಂದ ಹಳೇ ಲಾರಿಯದನ್ನು ಕಳೆದೆ. ಒಂದು ಲಕ್ಷದ ಎಪ್ಪತ್ತಾರು ಸಾವಿರದ ನಾನೂರ ಎಂಬತ್ತು. ಹೊಸ ಡ್ರೈವರ್ ಹೆಸರಿಗೆ ಆ ಸಂಖ್ಯೆ ಬರೆದು ಆಟ ತೆರೆದರೆ, ಮೀಟರಿನಲ್ಲಿ ಅದೇ ಕಾಣುತ್ತಿದೆ! ಅರ್ಧ ನಿಮಿಷ ಬದುಕಿದೆ ಅಂದುಕೊಂಡೆ.

ಆಮೇಲೆ ಆಟದ ನಕ್ಷೆ ತೆರೆದೆ. ಓಡಾಡಿದ ರಸ್ತೆಗಳಿಗೆ ಆಟ ಬಣ್ಣ ಹಚ್ಚುತ್ತದೆ. ಇಲ್ಲಿ ಒಂದು ರಸ್ತೆಗೂ ಬಣ್ಣವಿರಲಿಲ್ಲ. ಒಂದೂವರೆ ಲಕ್ಷ ದಾಟಿದ ಡ್ರೈವರ್ ಒಂದು ಊರನ್ನೂ ನೋಡಿಲ್ಲ. ಆ ಮನುಷ್ಯ ಮೊದಲ ದಿನವೇ ಕಂಡುಹಿಡಿಯುತ್ತಾರೆ. ಅಂಗಡಿಯಲ್ಲಿ ಹೇಳಿದ್ದ ಪ್ರಕಾರ ಹೆಂಡತಿ ಬೆಳಿಗ್ಗೆ ಶಾಲೆಯ ಬಿಸಿಯೂಟದ ಅಡುಗೆಗೆ ಹೋಗುತ್ತಾರೆ, ಮಧ್ಯಾಹ್ನದ ತನಕ ಅವರು ಒಬ್ಬರೇ. ಒಬ್ಬರೇ ಇದ್ದಾಗ ಗೊತ್ತಾದರೆ? ಮೂರು ವರ್ಷದ್ದು ಹೋಗಿದೆ, ಇವರೆಲ್ಲ ಸೇರಿ ತನಗೆ ಸುಳ್ಳು ಲೆಕ್ಕ ತೋರಿಸಿದ್ದಾರೆ ಎಂದು ಆ ಖಾಲಿ ಮನೆಯಲ್ಲಿ ಗೊತ್ತಾದರೆ?

ಆ ದಾಖಲೆಯನ್ನು ಅಳಿಸಿದೆ. ನನ್ನದು ದೊಡ್ಡ ಪ್ರಾಮಾಣಿಕತೆಯೇನಲ್ಲ. ಒಂದು ಭಯಕ್ಕಿಂತ ಇನ್ನೊಂದು ದೊಡ್ಡದಾಗಿತ್ತು. ಹೇಳುವುದಾದರೆ ಹೆಂಡತಿ ಮನೆಯಲ್ಲಿದ್ದಾಗ, ನಾನು ಎದುರಿಗೆ ಕೂತು ಹೇಳಬೇಕು. ನಾಳೆ ಮಧ್ಯಾಹ್ನದ ಮೇಲೆ ನಾನೇ ಬಂದು ಜೋಡಿಸಿಕೊಡುತ್ತೇನೆ ಎಂದು ಮೆಸೇಜು ಹಾಕಿದೆ.

ಗುರುವಾರ ಸಿಪಿಯುವನ್ನು ಸ್ಕೂಟರಿನಲ್ಲಿ ಕಾಲುಗಳ ನಡುವೆ ಇಟ್ಟುಕೊಂಡು ಹೊರಟೆ. ದಾರಿಯಲ್ಲಿ ಬಾತಿ ಊರಿನ ಹತ್ತಿರ ಗಾಡಿ ಪಕ್ಕಕ್ಕೆ ಹಾಕಿ ನಿಂತೆ. ಹೇಳಬೇಕಾದ ಮಾತನ್ನು ನಾಲ್ಕು ಥರ ಜೋಡಿಸಿ ನೋಡಿದೆ. ಒಂದರಲ್ಲಿ ತಪ್ಪು ಡಿಸ್ಕಿನದು, ಇನ್ನೊಂದರಲ್ಲಿ ಕರೆಂಟಿನದು. ಹರಿಹರದ ಕಡೆಗೆ ಲಾರಿಗಳು ಒಂದರ ಹಿಂದೊಂದು ಹೋಗುತ್ತಲೇ ಇದ್ದವು. ವಾಪಸ್ ಹೋಗಿಬಿಡೋಣ ಅನ್ನಿಸಿದ್ದು ನಿಜ. ಮನೆಯಲ್ಲಿ ಗಡ್ಡ ಮಾಡಿಸಿಕೊಂಡು ಕಾಯುತ್ತಿದ್ದಾರೆ ಎಂಬುದು ನೆನಪಾಗಿ ಸ್ಕೂಟರ್ ಚಾಲೂ ಮಾಡಿದೆ.

“ಬರ್ರಿ ಅಕ್ಕಾ, ಕೂಡ್ರಿ” ಎಂದು ಆಕೆ ಚಾಪೆ ಹಾಸಿದರು. ಒಂದೇ ಕೋಣೆಯ ಮನೆ. ಮಂಚದ ಮೇಲೆ ದಿಂಬಿಗೊರಗಿ ಅಗಲ ಭುಜದ ಮನುಷ್ಯ, ಐವತ್ತರ ಆಸುಪಾಸು. ಗಲ್ಲ ನುಣ್ಣಗಿತ್ತು, ಕಣ್ಣು ಮಾತ್ರ ಗುಳಿ ಬಿದ್ದಿತ್ತು. ತಲೆಯ ಪಕ್ಕದ ಗೋಡೆಯಲ್ಲಿ ಕ್ಯಾಲೆಂಡರು. ಒಂದೊಂದು ಮನೆಯಲ್ಲೂ ಪೆನ್ಸಿಲಿನ ಸಂಖ್ಯೆ, ಕೊನೆಯ ಹತ್ತು ಹನ್ನೆರಡು ಮನೆ ಖಾಲಿ.

ವಯರುಗಳನ್ನು ಜೋಡಿಸಿದೆ. ಪವರ್ ಗುಂಡಿ ಒತ್ತುವ ಮೊದಲು ಮಂಚದ ಪಕ್ಕ ಕೂತೆ. ಜೋಡಿಸಿಟ್ಟುಕೊಂಡಿದ್ದ ನಾಲ್ಕು ಥರದಲ್ಲಿ ಒಂದೂ ಬಾಯಿಗೆ ಬರಲಿಲ್ಲ.

“ಅಣ್ಣಾ, ಗೇಮ್ ಓಡ್ತೈತೆ. ಆದ್ರೆ ನಿಮ್ಮ ಮೀಟ್ರು ಹೋಗೈತೆ. ನಾನೇ ಅಳಿಸಿಬಿಟ್ಟೆ. ನೋಡ್ದಂಗೆ ಫಾರ್ಮ್ಯಾಟ್ ಮಾಡಿದೆ. ಎರಡು ದಿನ ಹುಡುಕಿದೆ, ಸಿಗಲಿಲ್ಲ. ಸೊನ್ನೆಯಿಂದ ಶುರು ಆಗ್ತೈತೆ.”

ಆಕೆ ಕೈಯಲ್ಲಿದ್ದ ನೀರಿನ ಲೋಟ ಕೆಳಗಿಟ್ಟರು. “ಐತೆ ಅಂದಿದ್ರಲ್ರೀ!”

“ಸುಳ್ಳು ಹೇಳಿದೆ.”

ಗಂಡ ನನ್ನನ್ನು ನೋಡಲಿಲ್ಲ. ಕ್ಯಾಲೆಂಡರನ್ನೂ ನೋಡಲಿಲ್ಲ. ಮುಖ ಗೋಡೆಯ ಕಡೆ ಹೊರಳಿತು. ಇವರ ಈ ಹೊರಳುವಿಕೆಯನ್ನೇ ಆಕೆ ಎಂಟು ದಿನ ನೋಡಿದ್ದು ಎಂದು ಆಗ ಅರ್ಥವಾಯಿತು.

“ತಪ್ಪು ನಿಮ್ದೇ” ಎಂದರು ಕೊನೆಗೆ, ಗೋಡೆಗೆ.

“ಹೌದ್ರಿ.”

ಆಮೇಲೆ ಮುಖವನ್ನು ಪರದೆಯ ಕಡೆ ತಿರುಗಿಸಿದರು. “ಹಚ್ರಿ ನೋಡಾಣ.”

ಗುಂಡಿ ಒತ್ತಿದೆ. ಹೊಸ ಡಿಸ್ಕು, ಬೇಗ ತೆರೆದುಕೊಂಡಿತು. ಹೆಂಡತಿ ಹಲಗೆ ಸರಿಸಿಕೊಟ್ಟರು. ಅವರ ಕೈ ಸ್ಟೀರಿಂಗಿನ ಮೇಲೆ ಬಂತು, ಹೆಬ್ಬೆರಳು ತಾನಾಗಿ ಬ್ರೇಕಿನ ಗುಂಡಿ ಹುಡುಕಿಕೊಂಡಿತು. ಗುಂಡಿ ಅವರದೇ ಜಾಗದಲ್ಲಿತ್ತು. ಲಾರಿ ಗ್ಯಾರೇಜಿನಿಂದ ಹೊರಗೆ ಬಂತು, ರಸ್ತೆಗೆ ಹೊರಳುವ ಮುಂಚೆ ಗಕ್ಕನೆ ನಿಂತಿತು.

“ಕನ್ನಡಿ ಎಲ್ಲಿ?”

“ಜಗ್ಗಬಾರ್ದು ಅಂತ ತೆಗೆದೀನಿ ಅಣ್ಣಾ. ಕನ್ನಡಿ ಹಾಕಿದ್ರೆ ಗೇಮ್ ನಿಧಾನ ಆಗ್ತೈತೆ.”

ಆ ಮನುಷ್ಯ ಮೊದಲ ಸಲ ತಿರುಗಿ ನನ್ನ ಮುಖ ನೋಡಿದರು. ಮೀಟರು ಹೋಯಿತು ಅಂದಾಗ ಬಾರದ ಸಿಟ್ಟು ಈಗ ಬಂದಿತ್ತು. “ಕನ್ನಡಿ ಇಲ್ಲದ ಗಾಡಿ ರೋಡಿಗೆ ತರ್ತಾರೇನ್ ತಂಗಿ? ಹಿಂದೆ ಬರೋನ ಗತಿ ಏನು? ಹಾಕು ಮೊದ್ಲು!”

ಹಾಕಿದೆ. ಚಿತ್ರ ಕುಂಟತೊಡಗಿತು. ಹೇಳಿದೆನಲ್ಲ ಎನ್ನುವಂತೆ ನೋಡಿದೆ.

“ನಿಧಾನಕ್ಕೆ ಹೋದ್ರಾತು” ಎಂದು ಗೇರ್ ಹಾಕಿದರು.

ಎತ್ತಿನಗಾಡಿಯಂತೆ ಲಾರಿ ಓಡಿಸಿದರು. ನಾನೂ ಆಕೆಯೂ ಆ ರಸ್ತೆಯನ್ನೇ ನೋಡುತ್ತಾ ಕೂತಿದ್ದೆವು. ಒಂದು ಪೆಟ್ರೋಲ್ ಬಂಕಿನ ಪಕ್ಕ ಸರಿಯಾಗಿ, ಎರಡೂ ಕನ್ನಡಿ ನೋಡಿ, ಹಿಂದಕ್ಕೆ ತಂದು ನಿಲ್ಲಿಸಿದರು. ಮೀಟರಿನಲ್ಲಿ ಹದಿನೇಳು.

“ಬರಿ” ಅಂದರು ಹೆಂಡತಿಗೆ. “ನಾಕು ಲಕ್ಷದ ಎಂಬತ್ತೆಂಟು ಸಾವಿರದ ಒಂಬೈನೂರ ಐವತ್ತೇಳು.”

ಆಕೆ ಪೆನ್ಸಿಲ್ ಹಿಡಿದು ನನ್ನ ಕಡೆ ನೋಡಿದರು.

“ಅವಳನ್ನೇನ್ ನೋಡ್ತಿ? ಒಂದು ಗಾಡಿ ಮೀಟ್ರು ಗುಜರಿಗೆ ಹೋದಾಗ ಕೂಡಿಸ್ಕೊಂಡ್ ಹೋದ್ವಲ್ಲ? ಇದು ಎರಡನೇದು. ಬರಿ.”

ಆಕೆ ಬರೆದರು. ಸಂಜೆಯ ಮಾತ್ರೆಯನ್ನು ಅಂಗೈಯಲ್ಲಿ ತಂದು ಹಿಡಿದರು, ಅವರು ನುಂಗಿದರು. ಡಬ್ಬಿ ಮಾತ್ರ ಹೊರಗೆ ಬರಲಿಲ್ಲ. ಆಕೆ ಅಡುಗೆ ಕಟ್ಟೆಯ ಕಡೆ ಹೋಗಿ ಅಕ್ಕಿ ಡ್ರಮ್ಮಿನ ಮುಚ್ಚಳ ಮುಚ್ಚಿದ ಸದ್ದು ನನಗೆ ಕೇಳಿತು.

ಆಮೇಲೆ ಬಹಳ ದಿನ ಹರಿಹರದ ನಂಬರ್ ಫೋನಿನಲ್ಲಿ ಕಂಡರೆ ಎತ್ತುವ ಮೊದಲು ಕೂರುತ್ತಿದ್ದೆ. ಈಗ ಅಂಗಡಿಗೆ ಬರುವ ಪ್ರತಿ ಯಂತ್ರದ ಡಾಕ್ಯುಮೆಂಟ್ಸ್ ತೆರೆದು, ಗಿರಾಕಿಯನ್ನು ಪಕ್ಕ ಕೂರಿಸಿಕೊಂಡು, ಇದೇನು ಅದೇನು ಎಂದು ಕೇಳುತ್ತೇನೆ. ಏನ್ರಿ ಇಷ್ಟು ತಡ ಎಂದು ಬೈದುಕೊಳ್ಳುತ್ತಾರೆ. ಗ್ಯಾರಂಟಿ ಎಂಬ ಮಾತು ಬಾಯಿಗೆ ಬರುವುದಿಲ್ಲ.

ಐದಾರು ವಾರ ಕಳೆದಿರಬೇಕು, ಆಕೆಯಿಂದ ಒಂದು ಫೋಟೋ ಬಂತು. ಜೊತೆಗೆ ಮೆಸೇಜು: “ಎಡಗಡೆ ಕನ್ನಡಿ ಮಸುಕು ಕಾಣ್ತೈತಂತೆ. ಸರಿ ಮಾಡಾಕ ಬರ್ತೈತೇನು ಕೇಳು ಅಂದ್ರು.” ಪರದೆಯ ಫೋಟೋ ತೆಗೆಯಲು ಹೋಗಿ ಅರ್ಧ ಗೋಡೆಯನ್ನೂ ಸೇರಿಸಿದ್ದರು. ಕ್ಯಾಲೆಂಡರಿನ ಸಂಖ್ಯೆ ನಾಲ್ಕು ಲಕ್ಷದ ತೊಂಬತ್ತೊಂದು ಸಾವಿರ ದಾಟಿತ್ತು. ಅದರ ಕೆಳಗೆ, ಮಂಚಕ್ಕೆ ತಾಗಿದ ಕಿಟಕಿಯ ಕಟ್ಟೆಯ ಮೇಲೆ, ಅವರ ಕೈಗೆ ಸಿಗುವ ಹಾಗೆ ಒಂದು ಸ್ಟೀಲ್ ಡಬ್ಬಿ. ಬೆರಳಿನಿಂದ ಫೋಟೋ ಹಿಗ್ಗಿಸಿ ನೋಡಿದೆ. ಮುಚ್ಚಳ ತೆರೆದಿತ್ತು, ಒಳಗೆ ಮಾತ್ರೆಯ ಪಟ್ಟಿಗಳು. ಸಂದಿಯಲ್ಲಿ ಎರಡು ಅಕ್ಕಿಕಾಳು ಇನ್ನೂ ಅಂಟಿಕೊಂಡಿದ್ದವು.